ಸಂತನಾಗದ ಕಳ್ಳ

ತರಗತಿಯಲ್ಲಿ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯನ್ನು ಪಾಠಮಾಡುವಾಗ ಹುಡುಗರಿಗೆ ಆ ಕಳ್ಳನ ಮೇಲೆ ಕೋಪ ಬಂದುದನ್ನು ನಾನು ಎಂದೂ ಕಂಡಿಲ್ಲ. ಕಳ್ಳನೂ ಅವನನ್ನು ಹಿಡಿಯಬೇಕಾದ ತಳವಾರನೂ ಹಳೆಯ ಗೆಳೆಯರು. ಕಳ್ಳ ಕೊನೆಗೆ ಋಷಿಯಾಗುತ್ತಾನೆ. ಬೌದ್ಧರ ಅಂಗುಲಿಮಾಲನ ಕಥೆಯೂ ಹೀಗೆಯೇ. ಸಂತನಾದ ಕಳ್ಳನನ್ನು ನಾವು ಸಂತೋಷದಿಂದ ಕ್ಷಮಿಸುತ್ತೇವೆ. ಆದರೆ ಸಂತನಾಗದೆ, ಬರಿಯ ಕೂಲಿಯಾಳಾಗಿ ಬದುಕಿಕೊಳ್ಳಬೇಕೆಂದು ಬಯಸುವ ಕಳ್ಳನಿಗೆ ನಮ್ಮಲ್ಲಿ ಕಥೆಯೂ ಇಲ್ಲ, ಜಾಗವೂ ಇಲ್ಲ.

ಈ ಮಾತು ನನಗೆ ಹೊಳೆದದ್ದು ಪುಸ್ತಕದಿಂದಲ್ಲ. ಅರಸೀಕೆರೆಯ ಒಂದು ಸೇವಾಸಂಘಕ್ಕೆ ನಾನು ಕಾರ್ಯದರ್ಶಿ. ಅನ್ನದಾನ, ಕಣ್ಣಿನ ತಪಾಸಣೆ, ಬಡಮಕ್ಕಳಿಗೆ ಪುಸ್ತಕ, ಇಷ್ಟು ನಮ್ಮ ಕೆಲಸ. ಕೆಲವು ತಿಂಗಳ ಹಿಂದೆ, ಸೆರೆಮನೆಯಿಂದ ಬಿಡುಗಡೆಯಾದವರ ನಡುವೆ ದುಡಿಯುವ ನಾಲ್ಕೈದು ಜನರ ಗುಂಪೊಂದು ನಮಗೆ ಕಾಗದ ಬರೆಯಿತು. ಅವರು ಹಣ ಕೇಳಿರಲಿಲ್ಲ. ತಿಂಗಳಿಗೊಂದು ಭಾನುವಾರ ಕೂತು ಮಾತನಾಡಲು ನಮ್ಮ ಕೊಠಡಿ, ಲೆಕ್ಕಪತ್ರ ಬರೆಯಲು ಸ್ವಲ್ಪ ನೆರವು, ಕೊಬ್ಬರಿ ಮಂಡಿಯಲ್ಲಿ ಒಬ್ಬನಿಗೆ ಹಮಾಲಿ ಕೆಲಸ ಸಿಗುವಂತೆ ಒಂದು ಮಾತು, ಇಷ್ಟೇ.

ಸಭೆಯಲ್ಲಿ ಕಾಗದವನ್ನು ಓದಿದೆ. “ತಪ್ಪು ಮಾಡದ ಬಡವರೇ ಊರ ತುಂಬ ಇದ್ದಾರಲ್ಲ, ಮೇಷ್ಟ್ರೇ” ಎಂದರು ಹಿರಿಯರೊಬ್ಬರು. ಯಾರೂ ಮಾತನಾಡಲಿಲ್ಲ. ನಾನೂ “ಮುಂದಿನ ಸಭೆಗೆ” ಎಂದು ಬರೆದುಕೊಂಡು ಸುಮ್ಮನಾದೆ. ಅದಾದ ಮೇಲೆ ಮೂರು ಸಭೆಗಳು ಕಳೆದಿವೆ.

ಹಿರಿಯರ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಆದರೆ ದಾನವೆಂಬುದು ಒಳ್ಳೆಯ ನಡತೆಗೆ ಕೊಡುವ ಬಹುಮಾನವೆ? ಅನ್ನದಾನದ ಪಂಕ್ತಿಯಲ್ಲಿ ನಾವು ಯಾರ ಚರಿತ್ರೆಯನ್ನೂ ಕೇಳುವುದಿಲ್ಲ. ಅಲ್ಲದೆ, ಕೆಲಸ ಸಿಗದೆ ಅವನು ಮತ್ತೆ ಕದ್ದರೆ, ಕಳೆದುಕೊಳ್ಳುವವನು ಆ ತಪ್ಪು ಮಾಡದ ಬಡವನೇ ಆಗಬಹುದು.

ಈ ವಿಷಯದಲ್ಲಿ ಕಾನೂನು ನಮಗಿಂತ ಮುಂದಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಂತೆ, ಮರಣದಂಡನೆಗಾಗಲಿ ಜೀವಾವಧಿ ಶಿಕ್ಷೆಗಾಗಲಿ ಗುರಿಯಾಗದಂಥ ತಪ್ಪು ಮಾಡಿದವನನ್ನು ನ್ಯಾಯಾಲಯವು ಮುಚ್ಚಳಿಕೆ ಬರೆಸಿಕೊಂಡು ಹೊರಗೇ ಬಿಡಬಹುದು. ಅವನ ಮೇಲೆ ಕಣ್ಣಿಡುವ ಅಧಿಕಾರಿ ಸರ್ಕಾರದವನೇ ಆಗಬೇಕೆಂದಿಲ್ಲ. ಸರ್ಕಾರ ಮಾನ್ಯಮಾಡಿದ ಸಂಘವೂ ಒಬ್ಬನನ್ನು ಒದಗಿಸಬಹುದೆಂದು 13ನೆಯ ಪ್ರಕರಣ ಹೇಳುತ್ತದೆ. ಅಗತ್ಯವಿದ್ದಾಗ ಅವನಿಗೆ ಕೆಲಸ ಹುಡುಕುವುದೂ, ನೊಂದವರಿಗೆ ಕೊಡಬೇಕಾದ ಪರಿಹಾರವನ್ನು ತೀರಿಸಲು ನೆರವಾಗುವುದೂ ಆ ಅಧಿಕಾರಿಯ ಕರ್ತವ್ಯ. ಆದ್ದರಿಂದ ನೊಂದವರನ್ನು ಮರೆತಂತೆಯೂ ಆಗಲಿಲ್ಲ. ನಮ್ಮಂಥ ಸಂಘಗಳಿಗೆ ಬಾಗಿಲು ತೆರೆದು ಅರುವತ್ತು ವರ್ಷಗಳ ಮೇಲಾಯಿತು. ನಾವು ಹೊಸ್ತಿಲು ದಾಟಲಿಲ್ಲ.

ಹುಲುಗಪ್ಪ ಕಟ್ಟೀಮನಿಯವರು ಮೈಸೂರಿನ ಸೆರೆಮನೆಯ ಕೈದಿಗಳಿಂದ ನಾಟಕ ಆಡಿಸಿದಾಗ ಜನ ಮೆಚ್ಚಿ ಚಪ್ಪಾಳೆ ತಟ್ಟಿದರು. ಅದು ದೊಡ್ಡ ಕೆಲಸ. ಆದರೆ ಬಣ್ಣ ತೊಳೆದುಕೊಂಡು, ಶಿಕ್ಷೆ ಮುಗಿಸಿ ಬಂದ ನಟನಿಗೆ ಬಾಡಿಗೆಗೆ ಒಂದು ಕೋಣೆ ಕೊಡುವುದು ಚಪ್ಪಾಳೆಯಷ್ಟು ಸುಲಭವಲ್ಲ.

ಆ ಗುಂಪಿನವರಲ್ಲಿ ಕೆಲಸದ ಅನುಭವವಿದೆ, ತಾಳ್ಮೆಯಿದೆ, ಊರಿನಲ್ಲಿ ಹೆಸರಿಲ್ಲ. ನಮ್ಮಲ್ಲಿರುವುದು ಹೆಸರೇ. ಅವರು ಕೇಳಿದ್ದು ಅದನ್ನು. ನಮ್ಮ ಅಂಜಿಕೆಯ ಮೂಲವೂ ಅಲ್ಲೇ ಇದೆ. ಹಣ ಕೊಟ್ಟರೆ ಹಣ ಹೋಗುತ್ತದೆ, ಅಷ್ಟೆ. ಹೆಸರು ಕೊಟ್ಟರೆ, ನಾಳೆ ಮಂಡಿಯಲ್ಲಿ ಒಂದು ಮೂಟೆ ಕಾಣೆಯಾದಾಗ ಎಲ್ಲರೂ ನಮ್ಮ ಮುಖ ನೋಡುತ್ತಾರೆ. ಕಾಣೆಯಾಗದು ಎಂದು ನಾನು ಹೇಗೆ ಹೇಳಲಿ? ಆದರೆ ಕಳೆದುಕೊಳ್ಳುವ ಭಯವೇ ಇಲ್ಲದ ಕಡೆ ಮಾತ್ರ ಕೊಡುವುದನ್ನು ದಾನವೆನ್ನಲು ನನಗೀಗ ಸಂಕೋಚವಾಗುತ್ತದೆ.

ಬರುವ ಸಭೆಯಲ್ಲಿ ಆ ಕಾಗದವೇ ಮೊದಲನೆಯ ವಿಷಯ. ಮಂಡಿಯ ಸಾಹುಕಾರರಲ್ಲಿಗೆ ನಾನೇ ಅವನ ಜೊತೆಯಲ್ಲಿ ಹೋಗಿಬರುತ್ತೇನೆಂದು ಹೇಳಬೇಕೆಂದಿದ್ದೇನೆ. ಅವನು ಋಷಿಯಾಗಬೇಕಾಗಿಲ್ಲ. ಮೂಟೆ ಹೊತ್ತು, ಶನಿವಾರದ ಬಟವಾಡೆ ಎಣಿಸಿಕೊಂಡು, ಹೊತ್ತಿಗೆ ಸರಿಯಾಗಿ ಮನೆ ಸೇರಿದರೆ ಸಾಕು.