ಕರೆಗೆ ಓಗೊಡುವ ಹೊತ್ತು

ಸಂಚಾರಿ ದೂರವಾಣಿಯನ್ನು ಆದಷ್ಟು ಕಡಿಮೆ ಬಳಸಿ ಬದುಕುವವನನ್ನು ಕೆಲವರು ಸಂಯಮಿ ಎನ್ನುತ್ತಾರೆ, ಹಲವರು ಅಹಂಕಾರಿ ಎನ್ನುತ್ತಾರೆ. ನನ್ನಲ್ಲಿರುವುದು ಗುಂಡಿ ಒತ್ತುವ ಹಳೆಯ ಫೋನು. ಜಗಲಿಯ ಗೋಡೆಗೂಡು ಅದರ ಸ್ಥಾನ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅದರ ಹೊತ್ತು. ನನಗೆ ಯಾವ ಹೆಸರು ಸಲ್ಲುತ್ತದೆ ಎಂಬ ಚರ್ಚೆ ಹಾಗಿರಲಿ. ನನ್ನ ಹೊತ್ತಿನ ಮೇಲೆ ಇತರರಿಗೆ ಎಷ್ಟು ಹಕ್ಕಿದೆ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಕೇರಳದಲ್ಲಿ ಈ ಸೇವೆ ತೊಡಗಿದ್ದು 1996ರ ಸೆಪ್ಟೆಂಬರಿನಲ್ಲಿ, ಕೊಚ್ಚಿಯಲ್ಲಿ. ಮೊದಲ ಕರೆ ಮಾಡಿದವರು ಸಾಹಿತಿ ತಕಳಿ ಶಿವಶಂಕರ ಪಿಳ್ಳೆಯವರು. ಆಗ ಬಂದ ಕರೆಗೂ ದುಡ್ಡು ತೆರಬೇಕಿತ್ತು. ಕರೆಯುವವನು ಕೇಳುವವನ ಕಿಸೆಯನ್ನೂ ನೆನೆಯುತ್ತಿದ್ದ. 2003ರಲ್ಲಿ ಬರುವ ಕರೆ ಉಚಿತವಾಯಿತು. ಗಡಿಯವರಾದ ನಮಗೆ ಮಾತ್ರ ಆಮೇಲೂ ಬಹುಕಾಲ ತಲಪಾಡಿ ದಾಟಿದೊಡನೆ ರೋಮಿಂಗಿನ ಲೆಕ್ಕ ಬೇರೆ. ಮಂಗಳೂರಿನ ಆಸ್ಪತ್ರೆಯಲ್ಲಿದ್ದವನಿಗೆ ಮನೆಯಿಂದ ಫೋನು ಬಂದರೆ ಕರಗುತ್ತಿದ್ದುದು ಅವನ ಹಣ. ಈಗ ಆ ಕಷ್ಟವಿಲ್ಲ, ಒಳ್ಳೆಯದೇ. ಜೊತೆಗೆ ಆ ದಾಕ್ಷಿಣ್ಯವೂ ಹೋಯಿತು. ಈಗ ಕೇಳುವವನು ತೆರುವುದು ತನ್ನ ಹೊತ್ತನ್ನು. ಅದಕ್ಕೆ ಬಿಲ್ಲು ಬರುವುದಿಲ್ಲ.

ಮಾತು ಕೊಡುವುದರ ತೂಕವೂ ಇಳಿಯಿತು. ಶನಿವಾರ ಆರಕ್ಕೆ ತಾಳಮದ್ದಳೆಗೆ ಬರುತ್ತೇನೆಂದ ಅರ್ಥಧಾರಿ ಭಾಗವತರು ಪದ ಎತ್ತುವ ಮೊದಲೇ ಬಂದು ಕೂರುತ್ತಿದ್ದರು, ಏಕೆಂದರೆ ಬರುವುದಿಲ್ಲವೆಂದು ತಿಳಿಸಲು ದಾರಿಯೇ ಇರಲಿಲ್ಲ. ಈಗ ಐದೂಮುಕ್ಕಾಲಿಗೆ "ಸ್ವಲ್ಪ ತಡ ಆಗ್ತದೆ" ಎಂದರಾಯಿತು.

ಎದುರುಪಕ್ಷವೂ ಬಲವಾದದ್ದೇ. ದುಬಾಯಿಯಲ್ಲಿ ದುಡಿಯುವ ಮಗನ ಮುಖವನ್ನು ದಿನಾ ಫೋನಿನಲ್ಲಿ ಕಾಣುವ ತಾಯಿಗೆ ಸಂಯಮ ಬೋಧಿಸಲು ನನ್ನ ನಾಲಗೆ ಏಳದು. ಕಾಗದಕ್ಕಾಗಿ ವಾರಗಟ್ಟಲೆ ಕಾದ ಮನೆಗಳನ್ನು ನಾನು ಕಂಡವನು. ತಂತಿಯೂ 2013ರಲ್ಲಿ ನಿಂತುಹೋಯಿತು.

ಇನ್ನೂ ತೊಡಕಿನದೊಂದಿದೆ. ಬ್ಯಾಂಕು, ಆಧಾರ್, ಗ್ಯಾಸು, ಎಲ್ಲಿ ಹೋದರೂ ಒಟಿಪಿ ಕೇಳುತ್ತಾರೆ. ಫೋನು ಮುಟ್ಟುವುದಿಲ್ಲವೆಂದು ಹೆಮ್ಮೆಪಡುವ ಗಂಡಸರ ಒಟಿಪಿ ಬರುವುದು ಹೆಂಡತಿಯ ಫೋನಿಗೆ. ನೆಂಟರ ಕರೆಗೂ ಆಕೆಯೇ ಒಲೆಯ ಮುಂದಿನಿಂದ ಏಳಬೇಕು. ಮಡಿ ಒಬ್ಬನದು, ನೀರು ಸೇದುವ ರಟ್ಟೆ ಇನ್ನೊಬ್ಬಳದು! ಇದನ್ನು ವ್ರತವೆಂದು ನಾನು ಒಪ್ಪಲಾರೆ. ಕಡಿಮೆ ಬಳಸುವವನು ಅದರ ಕಷ್ಟವನ್ನು ತಾನೇ ಹೊರಬೇಕು. ನನ್ನ ಒಟಿಪಿ ನನ್ನ ಗುಂಡಿಫೋನಿಗೇ ಬರುತ್ತದೆ. ಬೇಕಾದಾಗ ತೋಟದಿಂದ ಎದ್ದು ಬರುವವನು ನಾನೇ.

"ಮಾಷ್ಟ್ರೇ, ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ?" ಎಂದು ನೆರೆಮನೆಯವರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಅಂದಿನಿಂದ ಒಂದು ಒಪ್ಪಂದವಿದೆ: ಹೊತ್ತಲ್ಲದ ಹೊತ್ತಿನಲ್ಲಿ ಒಮ್ಮೆ ರಿಂಗಾದರೆ ನಾನು ಏಳುವುದಿಲ್ಲ, ಬೆನ್ನಿಗೇ ಇನ್ನೊಮ್ಮೆ ಆದರೆ ಎಲ್ಲಿದ್ದರೂ ಓಡಿ ಬರುತ್ತೇನೆ. ಐದು ವರ್ಷಗಳಲ್ಲಿ ಆ ಎರಡನೆಯ ರಿಂಗು ಕೇಳಿದ್ದು ಮೂರು ಸಲ. ಎರಡು ಸಲ ಆಸ್ಪತ್ರೆಗೆ ಹೊರಡಬೇಕಾಯಿತು. ಮೂರನೆಯವರಿಗೆ ಅಡಿಕೆಯ ದರ ತಿಳಿಯಬೇಕಿತ್ತು.