ಕೇಳಿದವರಿಗೆ ದಾರಿ ತೋರಿಸುವ ಕೆಲಸ

ಕನ್ನಡ ಎಂ.ಎ. ಮಾಡಿದವರು, ಪತ್ರಿಕೋದ್ಯಮ ಓದಿದವರು, ಬಿ.ಕಾಂ. ಮುಗಿಸಿ ಊರಿನಿಂದ ಬೆಂಗಳೂರಿಗೆ ಬಂದವರು ಈಚೆಗೆ ಸರ್ಚ್ ಎಂಜಿನ್ ಮಾರ್ಕೆಟಿಂಗ್ ಎಂಬ ಕೆಲಸಕ್ಕೆ ಸೇರುತ್ತಿದ್ದಾರೆ. ಗೂಗಲ್‌ನಲ್ಲಿ ಯಾರಾದರೂ ಏನನ್ನಾದರೂ ಹುಡುಕಿದಾಗ ಉತ್ತರಗಳ ಪಟ್ಟಿಯಲ್ಲಿ ನಮ್ಮ ಗಿರಾಕಿಯ ಹೆಸರು ಮೇಲೆ ಕಾಣುವ ಹಾಗೆ ಮಾಡುವುದು ಇದರ ತಿರುಳು. ಹಣ ಕೊಟ್ಟು ಜಾಹೀರಾತಿನ ಜಾಗ ಹಿಡಿಯುವುದು ಒಂದು ದಾರಿ. ಪುಟವನ್ನೇ ಹದಗೊಳಿಸಿ, ಹಣ ಕೊಡದೆ ಮೇಲೆ ತರುವುದು ಇನ್ನೊಂದು. ಹತ್ತು ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿರುವ ನನ್ನನ್ನು ಹೊಸಬರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸರ್, ಈ ಫೀಲ್ಡಿನಲ್ಲಿ ಯಾವ ತಪ್ಪು ಮಾಡಬಾರದು?"

ಅವರು ನಿರೀಕ್ಷಿಸುವ ಉತ್ತರ ನನಗೆ ಗೊತ್ತು. ಬೇಡದ ಕೀವರ್ಡ್‌ಗಳನ್ನು ಹೊರಗಿಡಲು ಮರೆಯಬೇಡಿ, ದಿನದ ಬಜೆಟ್ಟಿನಲ್ಲಿ ಸೊನ್ನೆ ಹೆಚ್ಚು ಹಾಕಬೇಡಿ, ಕ್ಲಿಕ್ ಮಾಡಿದವರು ಬಂದು ಇಳಿಯುವ ಪುಟ ಸರಿಯಿದೆಯೇ ನೋಡಿ. ಇವೆಲ್ಲ ನಿಜವಾದ ತಪ್ಪುಗಳೇ. ಆದರೆ ಮಾಡಿದ ವಾರದೊಳಗೆ ಇವು ಸಿಕ್ಕಿಬೀಳುತ್ತವೆ, ಬೈಸಿಕೊಂಡು ತಿದ್ದಿಕೊಳ್ಳುತ್ತೇವೆ. ವೃತ್ತಿಯನ್ನೇ ಒಳಗಿನಿಂದ ತಿನ್ನುವ ತಪ್ಪುಗಳು ಬೇರೆ. ಮಾಡಿದ ದಿನ ಅವು ತಪ್ಪಿನ ಹಾಗೆ ಕಾಣುವುದಿಲ್ಲ. ಎಷ್ಟೋ ಸಲ ಅವಕ್ಕೆ ಶಹಬ್ಬಾಸ್‌ಗಿರಿಯೂ ಸಿಗುತ್ತದೆ. ಅವು ತಂತ್ರದ ತಪ್ಪುಗಳಾಗಿರದೆ ನೀತಿಯ ತಪ್ಪುಗಳಾಗಿರುವುದರಿಂದ ಅವುಗಳ ಬಗ್ಗೆ ಇಲ್ಲಿ ಬರೆಯಬಹುದು ಅನ್ನಿಸಿತು.

ಮೊದಲು, ನಾವು ಮಾರುವುದು ಏನನ್ನು? ರಸ್ತೆ ಬದಿಯ ಹೋರ್ಡಿಂಗ್ ನೋಡುವವನು ಯಾರನ್ನೂ ಏನನ್ನೂ ಕೇಳಿರುವುದಿಲ್ಲ. ಅವನು ತನ್ನ ಪಾಡಿಗೆ ಬೈಕಿನಲ್ಲಿ ಹೋಗುತ್ತಿದ್ದಾನೆ, ಫಲಕ ಅವನನ್ನು ಕೂಗುತ್ತದೆ. ಗೂಗಲ್‌ನಲ್ಲಿ ಹಾಗಲ್ಲ. ಇಲ್ಲಿ ಮನುಷ್ಯ ತಾನಾಗಿ ಬಂದು ಕೇಳಿದ್ದಾನೆ. ಎದೆನೋವಿಗೆ ಹತ್ತಿರದ ಡಾಕ್ಟರು, ಇವತ್ತೇ ಸಿಗುವ ಚಿನ್ನದ ಸಾಲ, ಕುಡಿತ ಬಿಡಿಸುವ ಜಾಗ: ಮನೆಯವರ ಮುಂದೆ ಆಡದ ಮಾತನ್ನು ಆ ಸಣ್ಣ ಚೌಕದಲ್ಲಿ ಟೈಪ್ ಮಾಡುತ್ತಾನೆ. ನಮ್ಮ ಸರಕು ಆ ಕೇಳುವ ಗಳಿಗೆ. ಈ ಜಾಹೀರಾತಿಗೆ ಬೆಲೆ ಬಂದಿದ್ದೇ ಅದರಿಂದ.

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದವರೊಬ್ಬರು ನಿಮ್ಮನ್ನು "ಒಳ್ಳೆಯ ಆಸ್ಪತ್ರೆ ಯಾವ ಕಡೆ?" ಎಂದು ಕೇಳಿದರು ಎಂದುಕೊಳ್ಳಿ. ನಿಮಗೆ ಕಮಿಷನ್ ಕೊಡುವ ಆಸ್ಪತ್ರೆ ಎಡಕ್ಕಿದೆ. ನೀವು ಎಡಕ್ಕೆ ಕೈ ತೋರಿಸುತ್ತೀರಿ. ಆ ಆಸ್ಪತ್ರೆ ನಿಜಕ್ಕೂ ಒಳ್ಳೆಯದೇ ಆಗಿದ್ದರೆ ತಪ್ಪೇನು? ಅಷ್ಟೇನೂ ಇಲ್ಲ ಅನ್ನಿಸುತ್ತದೆ. ಕಮಿಷನ್ ವಿಷಯ ಮುಚ್ಚಿಟ್ಟರೆ? ಸ್ವಲ್ಪ ಇರುಸುಮುರುಸಾಗುತ್ತದೆ. ಬಲಕ್ಕಿರುವುದು ಹೆಚ್ಚು ಒಳ್ಳೆಯದೆಂದು ಗೊತ್ತಿದ್ದೂ ಎಡಕ್ಕೆ ತೋರಿಸಿದರೆ? ಆಗ ಸಂದೇಹಕ್ಕೆ ಜಾಗವಿಲ್ಲ. ನಮ್ಮ ವೃತ್ತಿಯ ನೀತಿಪ್ರಶ್ನೆಗಳೆಲ್ಲ ಈ ಮೂರು ಮೆಟ್ಟಿಲುಗಳ ಮೇಲೆ ಎಲ್ಲೋ ಒಂದು ಕಡೆ ನಿಂತಿರುತ್ತವೆ.

ಇದು ನನಗೆ ಹೊಳೆದ ಹೊಸ ಮಾತಲ್ಲ. 1998ರಲ್ಲಿ ಬಿಲ್ ಗ್ರಾಸ್ ಅವರ ಗೋಟೂ ಡಾಟ್ ಕಾಮ್ ಹುಡುಕಾಟದ ಜಾಗವನ್ನು ಹರಾಜಿಗಿಟ್ಟಿತು. ಹೆಚ್ಚು ಕೂಗಿದವನ ಹೆಸರು ಮೇಲೆ, ಕ್ಲಿಕ್ ಆದರೆ ಮಾತ್ರ ಹಣ. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಾಗಿದ್ದ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಪ್ರಬಂಧದ ಅನುಬಂಧದಲ್ಲಿ, ಜಾಹೀರಾತಿನ ದುಡ್ಡಿನಿಂದ ನಡೆಯುವ ಹುಡುಕುಯಂತ್ರ ಸಹಜವಾಗಿಯೇ ಬಳಸುವವರಿಗಿಂತ ಜಾಹೀರಾತುದಾರರ ಕಡೆಗೆ ವಾಲುತ್ತದೆ ಎಂಬ ಆತಂಕವನ್ನು ಬರೆದಿದ್ದರು. 2000ದ ಅಕ್ಟೋಬರಿನಲ್ಲಿ ಅವರದೇ ಗೂಗಲ್ 350 ಗಿರಾಕಿಗಳೊಂದಿಗೆ ಆಡ್‌ವರ್ಡ್ಸ್ ಶುರುಮಾಡಿತು. ಇದನ್ನು ಹೇಳಿ ಅವರನ್ನು ಆಷಾಢಭೂತಿಗಳೆಂದು ಕರೆಯುವುದು ಸುಲಭ, ಆದರೆ ಅದರಿಂದ ಕಲಿಯುವುದು ಏನೂ ಇಲ್ಲ. ಕಷ್ಟವಿರುವುದು ಯಾರದೋ ಸ್ವಭಾವದಲ್ಲಲ್ಲ, ಕೆಲಸದ ಕಟ್ಟೋಣದಲ್ಲೇ. ಕೇಳುವವನೊಬ್ಬ, ದುಡ್ಡು ಕೊಡುವವನು ಇನ್ನೊಬ್ಬ. 2002ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಣ ಪಡೆದ ಉತ್ತರವನ್ನು ಬೇರೆಯಾಗಿ ಗುರುತಿಸಿ ಎಂದು ಹುಡುಕುಯಂತ್ರಗಳಿಗೆ ಪತ್ರ ಬರೆಯಿತು. ಗೂಗಲ್‌ನಲ್ಲಿ ಆ ಗುರುತು ಬದಲಾಗುತ್ತಲೇ ಬಂದಿದೆ: ಮೊದಲು ಬಣ್ಣದ ಹಿನ್ನೆಲೆ, ಆಮೇಲೆ ಹಳದಿ ಚೀಟಿ, ಹಸಿರು ಚೀಟಿ, ಕೊನೆಗೆ ಬರಿಯ ಕಪ್ಪು ಅಕ್ಷರ. ಹೊಸಬರು ಮಾಡುವ ಮೊದಲ ತಪ್ಪು ಎಂದರೆ ಈ ಇಬ್ಬರ ನಡುವೆ ಬಿರುಕೇ ಇಲ್ಲ ಎಂದು ನಂಬುವುದು. ಬಿರುಕು ಇದೆ, ನಾವು ಸಂಬಳಕ್ಕೆ ನಿಂತಿರುವುದೂ ಅದರ ಮೇಲೆಯೇ.

ಎರಡನೆಯದು ಲೆಕ್ಕದ ವಿಷಯ. ಒಂದು ಹೆಸರುವಾಸಿ ಸೀರೆ ಅಂಗಡಿಯ ಹೆಸರನ್ನೇ ಯಾರೋ ಟೈಪ್ ಮಾಡುತ್ತಾರೆ. ಅವರು ಆ ಅಂಗಡಿಗೇ ಹೋಗಲು ಹೊರಟವರು. ಪಟ್ಟಿಯ ಮೇಲೆ ಅದೇ ಅಂಗಡಿಯ ಜಾಹೀರಾತು ಕಾಣುತ್ತದೆ, ಅದರ ಮೇಲೆ ಕ್ಲಿಕ್ ಮಾಡಿ ಒಳಗೆ ಹೋಗುತ್ತಾರೆ. ತಿಂಗಳ ಕೊನೆಗೆ ಆ ಮಾರಾಟ ನಮ್ಮ ಖಾತೆಗೆ ಬೀಳುತ್ತದೆ. ರಿಪೋರ್ಟಿನಲ್ಲಿ ಒಂದು ರೂಪಾಯಿಗೆ ಹನ್ನೆರಡು ರೂಪಾಯಿ ಬಂದ ಹಾಗೆ ತೋರುತ್ತದೆ. ಜಾಹೀರಾತು ಇಲ್ಲದಿದ್ದರೆ ಅವರು ಅಂಗಡಿಗೆ ಹೋಗುತ್ತಿರಲಿಲ್ಲವೇ? 2012ರಲ್ಲಿ ಇಬೇ ಕಂಪನಿ ಇದನ್ನು ಪರೀಕ್ಷಿಸಿತು. ಕೆಲವು ಹುಡುಕುಯಂತ್ರಗಳಲ್ಲಿ ತನ್ನ ಹೆಸರಿನ ಮೇಲಿನ ಜಾಹೀರಾತನ್ನೇ ನಿಲ್ಲಿಸಿ ನೋಡಿತು. ಕೈಬಿಟ್ಟ ಕ್ಲಿಕ್ಕುಗಳಲ್ಲಿ 99.5ರಷ್ಟು ಪ್ರತಿಶತ ಜಾಹೀರಾತಲ್ಲದ ಉತ್ತರಗಳ ಮೂಲಕ ವಾಪಸು ಬಂದವು. ಬ್ಲೇಕ್, ನೋಸ್ಕೊ ಮತ್ತು ಟಡೇಲಿಸ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಇದನ್ನು ಪ್ರಕಟಿಸಿದರು. ಎಲ್ಲ ಅಂಗಡಿಗೂ ಇದೇ ಅಂಕಿ ಅನ್ವಯಿಸುತ್ತದೆ ಎಂದಲ್ಲ. ಹೆಸರೇ ಕೇಳದ ಹೊಸ ಅಂಗಡಿಯ ಕತೆ ಬೇರೆ, ನಮ್ಮ ಹೆಸರಿನ ಮೇಲೆ ಎದುರಾಳಿ ಹಣ ಹೂಡಿದಾಗಲೂ ಬೇರೆ. ಆದರೆ ತಾನಾಗಿ ಬರುತ್ತಿದ್ದವನನ್ನು 'ನಾನು ಕರೆತಂದೆ' ಎಂದು ಬರೆದುಕೊಳ್ಳುವುದು ನಮ್ಮಲ್ಲಿ ಎಷ್ಟು ಸಲೀಸು ಎಂಬುದಕ್ಕೆ ಇಷ್ಟು ಸಾಕು.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ವಾಪಸು ಕಳಿಸಿದ ಕತೆ ನಮಗೆಲ್ಲ ಗೊತ್ತು. ಇದನ್ನು ಸಾಮಾನ್ಯವಾಗಿ ಆಸೆಯ ವಿರುದ್ಧದ ಕತೆ ಎಂದು ಓದುತ್ತೇವೆ. ನನಗೆ ಅದು ಲೆಕ್ಕದ ಕತೆಯೂ ಹೌದು. ಮಾರಯ್ಯ ಕದ್ದಿರಲಿಲ್ಲ. ನೆಲದ ಮೇಲೆ ಬಿದ್ದಿದ್ದನ್ನೇ ಆಯ್ದಿದ್ದ. ಆದರೂ ಆ ಹೆಚ್ಚಿನ ಅಕ್ಕಿ ಅವನ ಕಾಯಕದ ಫಲವಾಗಿರಲಿಲ್ಲ, ಯಾವುದೋ ಬೇರೆ ಕಾರಣಕ್ಕೆ ಅಲ್ಲಿತ್ತು. ಇದು ನನ್ನ ದುಡಿಮೆಯಿಂದ ಬಂದದ್ದು, ಇದು ಅಲ್ಲ ಎಂದು ಬೇರ್ಪಡಿಸುವ ಕಣ್ಣು ಲಕ್ಕಮ್ಮನಿಗಿತ್ತು. ನಮ್ಮ ಡ್ಯಾಶ್‌ಬೋರ್ಡಿಗೆ ಆ ಕಣ್ಣಿಲ್ಲ. ಅದನ್ನು ನಾವೇ ತರಬೇಕು.

ನನ್ನ ಜೊತೆ ಕೆಲಸ ಮಾಡಿದ ಒಬ್ಬ ಹುಡುಗಿ ಅದನ್ನು ತಂದಳು. ಒಬ್ಬ ದೊಡ್ಡ ಗಿರಾಕಿಯ ತಿಂಗಳ ರಿಪೋರ್ಟಿನಲ್ಲಿ, ಒಟ್ಟು ಆರ್ಡರುಗಳ ಕೆಳಗೆ, 'ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಮ್ಮ ಹೆಸರು ಗೊತ್ತಿದ್ದೇ ಬಂದವರು' ಎಂದು ಒಂದು ಸಾಲು ಸೇರಿಸಿದಳು. ಗಿರಾಕಿಗೆ ಸಿಟ್ಟು ಬಂತು. ಮುಂದಿನ ತ್ರೈಮಾಸಿಕಕ್ಕೆ ಅವರು ಬೇರೆ ಏಜೆನ್ಸಿಗೆ ಹೋದರು, ಆ ವರ್ಷ ಅವಳಿಗೆ ಸಂಬಳದ ಏರಿಕೆಯೂ ಕಡಿಮೆಯಾಯಿತು. ಸತ್ಯ ಹೇಳಿದರೆ ಕೊನೆಗೆ ಒಳ್ಳೆಯದೇ ಆಗುತ್ತದೆ ಎಂಬ ನೀತಿಕತೆಯನ್ನು ನಾನು ಹೊಸಬರಿಗೆ ಹೇಳುವುದಿಲ್ಲ. ಆಗದೆಯೂ ಇರಬಹುದು. ಅವಳು ಮಾಡಿದ್ದು ಸರಿ ಎನ್ನುವುದಕ್ಕೆ ಒಳ್ಳೆಯ ಫಲ ಸಾಕ್ಷಿಯಾಗಿ ಬರಬೇಕಾಗಿಲ್ಲ.

ಮೂರನೆಯದು ಅಡ್ಡದಾರಿ. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದನ್ನು ಒಂದು ಶಿಫಾರಸು ಎಂದು ಎಣಿಸುವುದು ಗೂಗಲ್‌ನ ಮೊದಲ ಉಪಾಯ. ಹಾಗಾಗಿ ಲಿಂಕುಗಳನ್ನು ದುಡ್ಡಿಗೆ ಕೊಳ್ಳುವ ಸಂತೆಯೂ ಹುಟ್ಟಿತು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್, ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯ ಪುಟಗಳಿಗೆ ಸಂಬಂಧವೇ ಇಲ್ಲದ ಸಾವಿರಾರು ತಾಣಗಳಿಂದ ಲಿಂಕ್ ಇರುವುದನ್ನು ಬಯಲಿಗೆಳೆಯಿತು. ಹಬ್ಬದ ತಿಂಗಳುಗಳಲ್ಲಿ ಮೇಲಿದ್ದ ಆ ಪುಟಗಳನ್ನು ಗೂಗಲ್ ಕೆಳಕ್ಕೆ ತಳ್ಳಿತು. ತಮಗೆ ಇದು ಗೊತ್ತೇ ಇರಲಿಲ್ಲ ಎಂದು ಕಂಪನಿ ಹೇಳಿತು, ಕೆಲಸ ಹೋದದ್ದು ಅದನ್ನು ನೋಡಿಕೊಳ್ಳುತ್ತಿದ್ದ ಏಜೆನ್ಸಿಗೆ. 2012ರ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಬದಲಾವಣೆ, ಲಿಂಕ್ ಕೊಳ್ಳುವುದನ್ನೇ ಕಸುಬು ಮಾಡಿಕೊಂಡವರ ಅನುಭವವನ್ನು ನಿಷ್ಪ್ರಯೋಜಕ ಮಾಡಿತು. ಇದನ್ನು 'ರಿಸ್ಕ್' ಎಂದು ಕರೆದು ಸುಮ್ಮನಾಗುವುದು ನಮ್ಮ ರೂಢಿ. ನನ್ನ ಪ್ರಕಾರ ಅದು ಸಾಕಾಗುವುದಿಲ್ಲ. ಲಿಂಕ್ ಒಂದು ಸಾಕ್ಷಿ ಎಂದಾದರೆ, ಕೊಂಡ ಲಿಂಕ್ ಕೊಂಡ ಸಾಕ್ಷಿ. ಸಿಕ್ಕಿಬೀಳದಿದ್ದರೂ ಅದು ಸುಳ್ಳು ಸಾಕ್ಷಿಯೇ, ಅದನ್ನು ನಂಬಿ ಮೋಸಹೋಗುವವನು ಆ ಕೇಳಿದ ಮನುಷ್ಯ.

"ನಿಯಮದಲ್ಲಿ ಅವಕಾಶ ಇದೆಯಲ್ಲ ಸರ್" ಎಂಬುದು ನಾನು ಹೆಚ್ಚಾಗಿ ಕೇಳುವ ವಾದ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಪ್ರತಿಯೊಂದನ್ನೂ ತಾನೇ ತೂಗಿ ನೋಡಲು ಆಗುತ್ತದೆಯೇ? ನಿಯಮ ಇರುವುದೇ ಅವನ ಹೊರೆ ಇಳಿಸಲು. ಆದರೆ ನಿಯಮಗಳ ದಿನಾಂಕ ನೋಡಿ. ಬಡವರನ್ನು ಬಡ್ಡಿಯಲ್ಲಿ ಮುಳುಗಿಸುವ ಕಿರು ಅವಧಿಯ ಸಾಲಗಳ ಜಾಹೀರಾತನ್ನು ಗೂಗಲ್ ನಿಷೇಧಿಸಿದ್ದು 2016ರಲ್ಲಿ. ಅಮೆರಿಕದಲ್ಲಿ ವ್ಯಸನಮುಕ್ತಿ ಕೇಂದ್ರಗಳ ಜಾಹೀರಾತಿಗೆ ಕಡಿವಾಣ ಬಿದ್ದದ್ದು 2017ರಲ್ಲಿ, ರೋಗಿಗಳನ್ನು ತಲೆಗಿಷ್ಟು ಎಂದು ಮಾರುವ ದಲ್ಲಾಳಿಗಳ ಹಾವಳಿ ಸುದ್ದಿಯಾದ ಮೇಲೆ. ಕಂಪ್ಯೂಟರ್ ರಿಪೇರಿಯ ಹೆಸರಿನಲ್ಲಿ ಮೋಸ ಮಾಡುವವರಿಗೆ ಬಾಗಿಲು ಮುಚ್ಚತೊಡಗಿದ್ದು 2018ರಲ್ಲಿ. ಮೂರು ಸಲವೂ ಹಾನಿ ಮೊದಲು, ನಿಯಮ ಆಮೇಲೆ. ಹಿಂದಿನ ದಿನದವರೆಗೂ ಆ ಜಾಹೀರಾತು ಬರೆದವರೆಲ್ಲ ನಿಯಮದೊಳಗೇ ಇದ್ದರು. ಎದುರಾಳಿಯ ಹೆಸರನ್ನು ಕೀವರ್ಡ್ ಆಗಿ ಕೊಳ್ಳುವುದೊಂದೇ ಟ್ರೇಡ್‌ಮಾರ್ಕ್ ಉಲ್ಲಂಘನೆಯಲ್ಲ, ಗೊಂದಲ ಹುಟ್ಟಿಸಿದರೆ ವಿಷಯ ಬೇರೆ ಎಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿತು. ಆ ಗೊಂದಲ ಹುಟ್ಟಿಸುವ ಸಾಲು ಬರೆಯುವವನು ನಾನೋ ನೀವೋ ಆಗಿರುತ್ತೇವೆ, ಮತ್ತು ಬರೆಯುವಾಗ ನಮ್ಮ ಮುಂದೆ ನ್ಯಾಯಾಧೀಶರು ಇರುವುದಿಲ್ಲ.

ಹಾಗಾದರೆ ಈ ಕೆಲಸವೇ ಕೆಟ್ಟದ್ದೇ? ನಾನು ಹಾಗೆ ಭಾವಿಸುವುದಿಲ್ಲ. ಸಕಲೇಶಪುರದ ಒಂದು ಹೋಂಸ್ಟೇ, ಶಿವಮೊಗ್ಗದಲ್ಲಿ ಮನೆಗೆ ಬಂದು ಹಿರಿಯರನ್ನು ನೋಡಿಕೊಳ್ಳುವ ನರ್ಸು, ಹಳೇ ಹೊಲಿಗೆ ಯಂತ್ರ ರಿಪೇರಿ ಮಾಡುವವರು: ಇವರನ್ನು ಹುಡುಕುವವರು ಇದ್ದಾರೆ, ಇವರು ಅವರಿಗೆ ಸಿಗುವುದಿಲ್ಲ. ದಲ್ಲಾಳಿಯಿಲ್ಲದೆ ಇಬ್ಬರನ್ನೂ ಸೇರಿಸಿದ ಜಾಹೀರಾತು ಇಬ್ಬರಿಗೂ ಉಪಕಾರ ಮಾಡಿದೆ. ಕಮಿಷನ್ ಪಡೆದೂ ಸರಿಯಾದ ದಾರಿ ತೋರಿಸಲು ಸಾಧ್ಯ. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬೇಡ ಎಂದ ಕಾಂಟ್ ಕೂಡ ಕೊಡುಕೊಳ್ಳುವಿಕೆಯೇ ಬೇಡ ಎನ್ನಲಿಲ್ಲ. ಅದನ್ನು ನಮ್ಮ ಕೆಲಸದ ಭಾಷೆಗೆ ಇಳಿಸಿ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ನನಗೆ ಗೊತ್ತಿರುವುದೆಲ್ಲ ಆ ಹುಡುಕುವವರಿಗೂ ಗೊತ್ತಿದ್ದರೆ, ಅವರು ಆಗಲೂ ಇದರ ಮೇಲೆ ಕ್ಲಿಕ್ ಮಾಡುತ್ತಿದ್ದರೇ? ಹೌದಾದರೆ ನೆಮ್ಮದಿಯಾಗಿ ಹಣ ಹಾಕಬಹುದು. ಇಲ್ಲವಾದರೆ, ಆ ಕ್ಲಿಕ್ ಅವರ ಅಜ್ಞಾನದಿಂದ ಬಂದದ್ದು, ನಾವು ಕೊಂಡದ್ದು ಅದನ್ನೇ.

ಮನೆ ಬಾಡಿಗೆ, ಊರಿಗೆ ಕಳಿಸುವ ದುಡ್ಡು, ತಲೆಯ ಮೇಲಿನ ಟಾರ್ಗೆಟ್ ಇರುವವರಿಗೆ ಈ ಪರೀಕ್ಷೆ ದುಬಾರಿಯೆನಿಸಬಹುದು ಎಂಬುದು ನನಗೆ ಗೊತ್ತು. ಕೆಲಸ ಬಿಟ್ಟುಬಿಡಿ ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ಕಿರಿಯ ನೌಕರನ ಕೈಯಲ್ಲೂ ಕೆಲವು ಸಣ್ಣ ಸಂಗತಿಗಳಿರುತ್ತವೆ. ಅನುಮಾನವನ್ನು ಮೇಲಿನವರಿಗೆ ಮೇಲ್ ಬರೆದು ತಿಳಿಸಬಹುದು. ರಿಪೋರ್ಟಿನಲ್ಲಿ ಒಂದು ಪ್ರಾಮಾಣಿಕ ಸಾಲು ಸೇರಿಸಬಹುದು. 'ಕೇವಲ 3 ಗಂಟೆ ಬಾಕಿ' ಎಂಬ ಸುಳ್ಳು ಶೀರ್ಷಿಕೆಯ ಬದಲು ನಿಜವಾದ ಇನ್ನೊಂದನ್ನು ಬರೆದು ಮುಂದಿಡಬಹುದು. ಶೀರ್ಷಿಕೆಗೆ ಸಿಗುವುದು 30 ಅಕ್ಷರ, ವಿವರಣೆಗೆ 90. ಅಷ್ಟರಲ್ಲಿ ಸುಳ್ಳು ಹೇಳದೆ ಸೆಳೆಯುವುದು ಸಾಹಿತ್ಯ ಓದಿದವರಿಗೆ ಒಗ್ಗಬೇಕಾದ ಕೆಲಸ.

ಈಗ ಬಿಡ್ ಎಷ್ಟು ಎಂಬುದನ್ನು ಯಂತ್ರವೇ ನಿರ್ಧರಿಸುತ್ತದೆ, ಸಾಲುಗಳನ್ನೂ ಅದೇ ಬರೆದುಕೊಡುತ್ತದೆ. ಗುಂಡಿ ಒತ್ತುವುದನ್ನಷ್ಟೇ ಕಲಿತವರ ವಿದ್ಯೆ ಬೇಗ ಹಳತಾಗುತ್ತದೆ. ಹಳತಾಗದೆ ಉಳಿಯುವುದು, ಕೇಳುವವನಿಗೆ ನಿಜವಾಗಿ ಏನು ಬೇಕು ಎಂದು ಅರಿಯುವ ಗುಣ. ಹಾಗಾಗಿ ನನ್ನ ಬಳಿ ಕೆಲಸಕ್ಕೆ ಬರುವವರಿಗೆ ಮೊದಲ ದಿನ ನಾನು ಕೊಡುವುದು ಸರ್ಚ್ ಟರ್ಮ್ಸ್ ರಿಪೋರ್ಟು, ಅಂದರೆ ಜನ ಟೈಪ್ ಮಾಡಿದ ಮಾತುಗಳ ಪಟ್ಟಿ. ಅದರಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡವಿರುತ್ತದೆ, ಕಾಗುಣಿತ ತಪ್ಪಿದ ರೋಗದ ಹೆಸರುಗಳಿರುತ್ತವೆ, 'ಅಮ್ಮನಿಗೆ ಮಂಡಿ ನೋವು ಆಪರೇಷನ್ ಬೇಡ' ಎಂಬಂಥ ಪೂರಾ ವಾಕ್ಯಗಳಿರುತ್ತವೆ. ಖರ್ಚಿನ ಕಾಲಂ ಮುಚ್ಚಿಟ್ಟು ಒಂದು ಗಂಟೆ ಇದನ್ನಷ್ಟೇ ಓದಿ ಎನ್ನುತ್ತೇನೆ. ಓದಿ ಮುಗಿಸಿದ ಮೇಲೆ ಕಾಲಂ ತೆರೆದು ಕೆಲಸ ಶುರುಮಾಡುತ್ತೇವೆ.