ಏರಿಳಿಯುವ ಪಗಾರವೂ ಮನೆವಾರ್ತೆಯ ನ್ಯಾಯವೂ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ತಿಂಗಳ ಮೊದಲನೆಯ ತಾರೀಖಿಗೆ ಗೊತ್ತಾದ ಸಂಬಳ ಪಡೆಯುವವನಿಗೆ ಆ ಮಾತು ಸುಲಭವಾದದ್ದು. ಯಾಕಂದರೆ ಅವನ ಹಾಸಿಗೆಯ ಉದ್ದವು ಅವನಿಗೆ ತಿಳಿದದೆ. ಆದರೆ ಹಾಸಿಗೆಯೇ ಒಂದು ವಾರ ಉದ್ದವಾಗಿಯೂ ಇನ್ನೊಂದು ವಾರ ಗಿಡ್ಡವಾಗಿಯೂ ಇರುವ ಮನೆಯವರು ಏನು ಮಾಡತಕ್ಕದ್ದು? ನವಲಗುಂದ ತಾಲೂಕಿನ ಮೊರಬದಲ್ಲಿಯೂ ಅದರ ಸುತ್ತಲಿನ ಎರೆಭೂಮಿಯ ಹಳ್ಳಿಗಳಲ್ಲಿಯೂ ಕೂಲಿಯಿಂದ ಜೀವಿಸುವ ಕುಟುಂಬಗಳ ಸ್ಥಿತಿ ಇದೇ. ಆದದರಿಂದ ಈ ವಿಷಯವಾಗಿ ನಮ್ಮ ವಾಚಕರ ಸಂಗಡ ತುಸು ಆಲೋಚಿಸುವದು ಯುಕ್ತವೆಂದು ನಮಗೆ ತೋರುತ್ತದೆ.

ಮುಂಗಾರಿಯ ಹೆಸರು ಬಿಡಿಸುವ ಕಾಲಕ್ಕೂ, ಚಳಿಗಾಲದಲ್ಲಿ ಹತ್ತಿ ಮೆಣಸಿನಕಾಯಿ ಬಿಡಿಸುವ ಕಾಲಕ್ಕೂ, ಅದರ ಹಿಂದೆ ಜೋಳ, ಕಡಲೆ, ಗೋದಿಯ ಸುಗ್ಗಿಗೂ ಮನೆಯಲ್ಲಿ ಕೈಯಿದ್ದವರಿಗೆಲ್ಲಾ ಕೆಲಸವುಂಟು. ಹತ್ತಿಯನ್ನು ತೂಕದ ಮೇಲೆ ಬಿಡಿಸಿದರೆ ಕೂಲಿಯು ಕೈಯ ಚುರುಕಿನ ಹಾಗೂ ಗಿಡದ ಫಲದ ಪ್ರಕಾರ ಏರಿಳಿಯುವದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊಲ ಬರಿದು. ಆಗ ಕೆಲವರು ಹುಬ್ಬಳ್ಳಿಗೆ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಮಳೆ ಬಾರದಿದ್ದರೆ ಕೆಲಸವಿಲ್ಲ. ಹೆಚ್ಚು ಬಂದರೂ ಎರೆಮಣ್ಣು ಕಾಲಿಗೆ ಅಂಟಿ ಹಲವು ದಿವಸ ಹೊಲಕ್ಕೆ ಇಳಿಯಲಾಗದು. 2023ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಗೊತ್ತಾದರೂ, ಕಂತು ತಡವಾದದ್ದೂ ಕೆಲವು ಸಾರಿ ಎರಡು ಕಂತು ಕೂಡಿ ಬಂದದ್ದೂ ಉಂಟು. ಹಸಿವು ಮಾತ್ರ ಹೀಗೆ ಏರಿಳಿಯುವದಿಲ್ಲ; ಅದು ದಿನಾಲು ಬರುವದು.

ಇಂಥ ಮನೆಗೆ ತುಂಬಿದ ವಾರದ ಹಣ ಬಂದ ಕೂಡಲೆ, ನಾವು ದುಡಿದದ್ದನ್ನು ನಾವು ಉಣ್ಣುವೆವು ಎಂದು ಮನಸ್ಸು ಅನ್ನುತ್ತದೆ. ದುಡಿದವನು ಉಣ್ಣಬಾರದೆಂದು ನಾವು ಹೇಳುವದಿಲ್ಲ. ಬಿಸಿಲಲ್ಲಿ ಬೆನ್ನು ಬಗ್ಗಿಸಿದವನಿಗೆ ಒಂದು ಹಬ್ಬದೂಟ ಸಲ್ಲುತ್ತದೆ. ಆದರೂ ಕೇಳತಕ್ಕ ಪ್ರಶ್ನೆಯು ಬೇರೆ. ಅದೇನಂದರೆ: ಈ ಹಣವೆಲ್ಲಾ ಯಾರದು? ಜನವರಿಯಲ್ಲಿ ಬಂದದ್ದೆಲ್ಲಾ ಜನವರಿ ತಿಂಗಳದ್ದೇ ಎಂದು ಯಾರು ಹೇಳಿದರು? ಅದರಲ್ಲಿ ಒಂದು ಪಾಲು ಮೇ ತಿಂಗಳ ಕೂಲಿಯೇ. ಅದು ಮುಂಚಿತವಾಗಿ ಮನೆಗೆ ಬಂದದೆ, ಅಷ್ಟೇ. ಅದನ್ನು ಈಗ ತಿಂದುಬಿಡುವವನು ಮೇ ತಿಂಗಳಲ್ಲಿ ಹಸಿಯುವ ತನ್ನ ಮಗುವಿನ, ಆಗ ಔಷಧ ಬೇಕಾಗುವ ತನ್ನ ಮುದಿ ತಾಯಿಯ ಪಾಲನ್ನು ತಿನ್ನುತ್ತಾನೆ. ತಮ್ಮ ಪಾಲನ್ನು ಈಗ ಕೇಳಿಕೊಳ್ಳುವ ಶಕ್ತಿ ಅವರಿಗಿಲ್ಲ. ಆದದರಿಂದ ಇದು ಬರೀ ಲೆಕ್ಕದ ಮಾತಲ್ಲ, ನ್ಯಾಯದ ಮಾತು.

ನಮ್ಮ ಸೀಮೆಯ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಅವರು ನೆಲದಲ್ಲಿ ಹಗೇವು ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ಮೇಲೆಯೂ ಒಳಗಿನ ಕೆಟ್ಟ ಗಾಳಿ ಹೋಗುವ ವರೆಗೆ ಇಳಿಯುವ ಹಾಗಿರಲಿಲ್ಲ. ಮನಸ್ಸು ಬಂದಾಗೆಲ್ಲಾ ಕೈ ಹಾಕುವದಕ್ಕೆ ಅದು ಅಡಿಗೆಮನೆಯ ಗಡಿಗೆಯಲ್ಲ. ಆ ಕಷ್ಟವೇ ಅದರ ಕಾವಲಾಗಿತ್ತು. 1876ರಿಂದ 1878ರ ವರೆಗೆ ಈ ಸೀಮೆಯನ್ನು ಹಾಳುಮಾಡಿದ ಮಹಾ ಬರವು ಒಂದು ಮನೆಯ ಹಗೇವಿನಿಂದ ನೀಗುವಂಥದಾಗಿರಲಿಲ್ಲ, ನಿಜ. ಆದರೆ ಸಾಧಾರಣವಾದ ಕೆಟ್ಟ ವರ್ಷವನ್ನು ದಾಟುವದಕ್ಕೆ ಒಳ್ಳೇ ವರ್ಷದಲ್ಲಿ ಬಾಯಿ ಕಟ್ಟಿದ್ದೇ ಆಧಾರವಾಗುತ್ತಿತ್ತು. ಈಗ ಕೂಲಿಯು ಹಣವಾಗಿ ಬರುತ್ತದೆ. ಹಣಕ್ಕೂ ಒಂದು ಹಗೇವು ಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ನಾಳೆಗೋಸ್ಕರ ಕೂಡಿಸುವದು ದೇವರ ಮೇಲಿನ ಅಪನಂಬಿಕೆಯಲ್ಲವೋ? ಹೀಗೆ ಕೇಳುವವನು ಐಗುಪ್ತದಲ್ಲಿದ್ದ ಯೋಸೇಫನನ್ನು ನೆನಸಲಿ. ಸಮೃದ್ಧಿಯ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಪಾಲನ್ನು ತೆಗೆದಿಡಬೇಕೆಂದು ಅವನು ಫರೋಹನಿಗೆ ಆಲೋಚನೆ ಹೇಳಿದನು. ಅದನ್ನು ಭಯದಿಂದಲ್ಲ, ದೇವರು ತಿಳಿಸಿದ್ದನ್ನು ನಂಬಿ ಹೇಳಿದನು. ಚಿಂತೆ ಬೇರೆ, ಏರ್ಪಾಡು ಬೇರೆ. ಮೇ ತಿಂಗಳನ್ನು ನೆನಸಿ ರಾತ್ರಿಯೆಲ್ಲಾ ನಿದ್ದೆಗೆಡುವದು ಚಿಂತೆ; ಜನವರಿಯಲ್ಲಿ ಅದರ ಪಾಲನ್ನು ತೆಗೆದಿಟ್ಟು ನಿದ್ದೆ ಮಾಡುವದು ಏರ್ಪಾಡು.

ಎರಡನೆಯದು ಇದಕ್ಕಿಂತ ಭಾರವಾದದ್ದು: ನೆರೆಯವನ ಒಲೆ ಆರಿರುವಾಗ ಹಣ ಕಟ್ಟಿಡುವದು ಲೋಭವಲ್ಲವೋ? 12ನೆಯ ಶತಮಾನದ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ಜೀವಿಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಒಯ್ದು ಸುರಿದು ಬರಬೇಕೆಂದಳೆಂಬ ಕಥೆಯನ್ನು ನಮ್ಮ ನಾಡಿನಲ್ಲಿ ಬಲ್ಲವರು ಬಹಳ. ಯೋಸೇಫನು ಕೂಡಿಸೆಂದನು, ಲಕ್ಕಮ್ಮನು ಸುರಿಯೆಂದಳು. ಯಾರ ಮಾತು ಕೇಳೋಣ? ನಮಗೆ ತೋರುವದೇನಂದರೆ, ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ಇದು ಯಾರ ಪಾಲು? ಹೆಚ್ಚಾದ ಅಕ್ಕಿ ತಮ್ಮ ಪಾಲಲ್ಲವೆಂದು ಲಕ್ಕಮ್ಮನು ಕಂಡಳು. ಹೆಚ್ಚಾದ ಧಾನ್ಯವು ಮುಂದೆ ಹಸಿಯುವವರ ಪಾಲೆಂದು ಯೋಸೇಫನು ಕಂಡನು. ಮೇ ತಿಂಗಳ ಹಿಟ್ಟಿಗಾಗಿ ಇಟ್ಟದ್ದು ಲೋಭವಲ್ಲ. ಅದಕ್ಕೆ ಮಿಕ್ಕಿದ್ದಿದ್ದು, ನೆರೆಯವನ ಸಂಕಟ ಕಂಡೂ ಗಂಟು ಬಿಚ್ಚದಿರುವದು ಲೋಭ. ಆದದರಿಂದ ಕೊಡತಕ್ಕದ್ದನ್ನೂ ತುಂಬಿದ ತಿಂಗಳಲ್ಲಿಯೇ ಬೇರೆ ಮಾಡಿಡಬೇಕು. ಆಗ ಅಣ್ಣತಮ್ಮಂದಿರು ಬಂದು ಕೇಳಿದರೆ ಮಕ್ಕಳ ಹಿಟ್ಟನ್ನು ಕೊಟ್ಟು ಮನೆಯಲ್ಲಿ ಜಗಳವಾಡಬೇಕಾಗಿಲ್ಲ. ಏನೂ ಇಲ್ಲವೆಂದು ಸುಳ್ಳಾಡಬೇಕಾಗಿಯೂ ಇಲ್ಲ.

ಇನ್ನು ಮಾಡುವ ರೀತಿಯನ್ನು ಒಂದು ಲೆಕ್ಕದಿಂದ ತೋರಿಸುತ್ತೇವೆ. ಒಂದು ಮನೆಗೆ ಜನವರಿಯಲ್ಲಿ 14,000, ಫೆಬ್ರವರಿಯಲ್ಲಿ 10,000, ಮಾರ್ಚ್‌ನಲ್ಲಿ 8,000, ಏಪ್ರಿಲ್‌ನಲ್ಲಿ 3,000, ಮೇಯಲ್ಲಿ 2,000, ಜೂನ್‌ನಲ್ಲಿ 5,000 ರೂಪಾಯಿ ಬಂತೆಂದು ಇಟ್ಟುಕೊಳ್ಳಿರಿ. ಒಟ್ಟು 42,000, ಆರು ಪಾಲು ಮಾಡಿದರೆ ತಿಂಗಳಿಗೆ 7,000. ಬರುವದೆಂದು ನೆನಸಿದ್ದೆಲ್ಲಾ ಬಾರದಾದ್ದರಿಂದ ತುಸು ಇಳಿಸಿ, ತುಂಬಿದ ತಿಂಗಳಿಗೂ ಬರಿದಾದ ತಿಂಗಳಿಗೂ 6,000ವೇ ಎಂದು ಗೊತ್ತುಮಾಡಬೇಕು. ಹಾಗೆ ಮಾಡಿದರೆ ಮಾರ್ಚ್ ಕೊನೆಗೆ 14,000 ಉಳಿದಿರುವದು. ಏಪ್ರಿಲ್, ಮೇ ದಾಟಿದ ಮೇಲೆಯೂ 7,000 ಇರುವದು. ಜೂನ್ ಕೊನೆಗೆ 6,000. ಮೊದಲಿನ ಮೂರು ತಿಂಗಳು ಬಂದದ್ದನ್ನೆಲ್ಲಾ ಮುಗಿಸಿದ ಮನೆಯಾದರೋ, ಮುಂದಿನ ಮೂರು ತಿಂಗಳು ಅದೇ 6,000ದಲ್ಲಿ ನಡೆದರೂ 8,000 ಸಾಲ ಮಾಡಬೇಕಾಗುವದು. ದುಡಿಮೆ ಒಂದೇ; ಒಂದು ಮನೆಗೆ ಗಂಟು, ಇನ್ನೊಂದಕ್ಕೆ ಸಾಲ. ಈ ವರ್ಷ ಎಷ್ಟು ಬರುವದೆಂದು ತಿಳಿಯದವನು ಹೋದ ವರ್ಷ ಬಂದದ್ದನ್ನು ನೆನಸಿ ಮಕ್ಕಳ ಹಳೇ ವಹಿಯಲ್ಲಿ ಬರೆದು ನೋಡಲಿ. ಸುಗ್ಗಿಯಲ್ಲಿ ಜೋಳ ಅಗ್ಗವಾಗಿರುವಾಗಲೇ ವರ್ಷದ ಕಾಳನ್ನು ಸಾಧ್ಯವಾದಷ್ಟು ಕೊಂಡಿಡಲಿ. ಉಳಿದ ಹಣವು ಜೇಬಿನಲ್ಲಿರದೆ ಪೋಸ್ಟಿನಲ್ಲಾಗಲಿ ಬ್ಯಾಂಕಿನಲ್ಲಾಗಲಿ ಇರಲಿ. ಈ ಲೆಕ್ಕವು ಗಂಡ ಹೆಂಡತಿ ಇಬ್ಬರಿಗೂ ತಿಳಿದಿರಬೇಕು. ಒಬ್ಬರೇ ಬಲ್ಲ ಲೆಕ್ಕ ನಿಲ್ಲುವದಿಲ್ಲ.

ಸಾಲವಂತೂ ಏರಿಳಿತವನ್ನರಿಯದು. ಕೂಲಿ ಬಂದರೂ ಬಾರದಿದ್ದರೂ ವಾರದ ಕಂತು ಬಾಗಿಲಿಗೆ ಬರುವದು. ಹಿಂದೆ ರೈತರು ಸಾವುಕಾರರ ಕೈಯಲ್ಲಿ ಸಿಕ್ಕಿ ನರಳುತ್ತಿದ್ದಾಗ, 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. 2025ರ ಫೆಬ್ರವರಿಯಲ್ಲಿ ಕಿರುಸಾಲದವರ ಬಲಾತ್ಕಾರವನ್ನು ತಡೆಯಲಿಕ್ಕೆ ರಾಜ್ಯ ಸರಕಾರವು ಸುಗ್ರೀವಾಜ್ಞೆ ಹೊರಡಿಸಬೇಕಾಯಿತೆಂದರೆ, ಆ ನರಳಾಟ ಮುಗಿದಿಲ್ಲವೆಂದು ತಿಳಿಯಬೇಕು. ಸಾಲ ಮಾಡಲೇಬೇಕಾದರೆ ಕಂತನ್ನು ಬರಿದಾದ ತಿಂಗಳ ಮೇರೆಗೆ ಅಳೆಯಿರಿ, ತುಂಬಿದ ತಿಂಗಳ ಮೇರೆಗೆ ಬೇಡ.

ಕಡೆಗೆ, ಕೂಲಿ ಕೊಡುವವರಿಗೂ ಒಂದು ಮಾತು ಹೇಳದೆ ಬಿಟ್ಟರೆ ನಾವು ಬಡವರ ಮೇಲೆಯೇ ಭಾರ ಹೊರಿಸಿದಂತಾಗುವದು. ಎಲ್ಲಾ ತಿಂಗಳುಗಳೂ ಬರಿದಾಗಿರುವ ಮನೆಯಲ್ಲಿ ಯಾವ ಲೆಕ್ಕವೂ ಎರಡನ್ನು ಆರು ಮಾಡಲಾರದು. ಮಳೆ ತಡೆದ ಕೂಲಿಯುಂಟು, ಮನುಷ್ಯನು ತಡೆದ ಕೂಲಿಯೂ ಉಂಟು. ಮೊದಲನೆಯದನ್ನು ತಾಳ್ಮೆಯಿಂದ ಸಹಿಸಬಹುದು, ಎರಡನೆಯದು ಅನ್ಯಾಯವೇ. ಕೂಲಿಯವನ ಹಣವು ಮರುದಿನದ ಬೆಳಗಿನ ವರೆಗೆ ಧಣಿಯ ಹತ್ತಿರ ಉಳಿಯಬಾರದೆಂಬದು ಮೋಶೆಯ ಧರ್ಮಶಾಸ್ತ್ರದಲ್ಲಿದೆ. 2005ರ ಉದ್ಯೋಗ ಖಾತರಿ ಕಾಯಿದೆಯು 15 ದಿವಸದೊಳಗೆ ಕೊಡಬೇಕೆಂದು ವಿಧಿಸಿತ್ತು. ನಮ್ಮಲ್ಲಿ ಹೊಲವುಳ್ಳವರೂ, ನಾಲ್ಕು ಆಳು ಕರೆಯುವ ಮೇಸ್ತ್ರಿಗಳೂ ಇದ್ದಾರಲ್ಲಾ. ಬರುವ ಸಂತೆಗೆ ಕೊಡುತ್ತೇನೆಂದು ಹೇಳುವ ಮೊದಲು, ಆ ಸಂತೆಯ ವರೆಗೆ ಆ ಮನೆಯಲ್ಲಿ ಒಲೆ ಹೊತ್ತುವದು ಹೇಗೆಂದು ಅವರು ಕೇಳಿಕೊಳ್ಳಲಿ.

ಪ್ರಿಯ ವಾಚಕರೇ, ಹಣ ಎಣಿಸುವಾಗ ಈ ಒಂದು ಪ್ರಶ್ನೆಯನ್ನು ಮರೆಯದಿರಿ: ಇದರಲ್ಲಿ ಇಂದಿನ ಪಾಲು ಎಷ್ಟು, ನಾಳೆಯ ಪಾಲು ಎಷ್ಟು, ನೆರೆಯವನ ಪಾಲು ಎಷ್ಟು? ಮೂವರಿಗೂ ಸಲ್ಲತಕ್ಕದ್ದನ್ನು ಸಲ್ಲಿಸಿದವನು ಕಡಿಮೆ ಬಂದ ತಿಂಗಳಲ್ಲಿಯೂ ಮನೆವಾರ್ತೆಯಲ್ಲಿ ನಂಬಿಗಸ್ತನು.